ಹಳದಿ ತಂತಿಯ ನೀರು

ಶಿಷ್ಯನು ಕೇಳಿದನು: "ಅಜ್ಜಾರೇ, ನಾನು ಮಠಕ್ಕೆ ಬಂದ ಹೊಸದರಲ್ಲಿ ಕಣ್ಣು ಮುಚ್ಚಿದರೆ ಸಾಕು, ದೇವರು ಎದುರಿಗೇ ಕೂತ ಹಾಗೆ ಆಗುತ್ತಿತ್ತು. ಆಮೇಲೆ ಆರು ವರ್ಷ ಓದಿದೆ. ಈಗ ಕಣ್ಣು ಮುಚ್ಚಿದರೆ ಓದಿದ್ದಷ್ಟೇ ಕಾಣುತ್ತದೆ. ಆಗ ಕಂಡದ್ದು ಸುಳ್ಳೋ, ಈಗ ಕಾಣುತ್ತಿರುವುದು ಸುಳ್ಳೋ?"

ಕೇಳಿದವನ ಹೆಸರು ಅಡವೆಪ್ಪ. ಅವನು ಬಟ್ಟೆಯ ಗಂಟು ಕಟ್ಟಿ ಪಡಸಾಲೆಯ ಮೂಲೆಯಲ್ಲಿ ಇಟ್ಟೇ ಬಂದಿದ್ದ. ಉತ್ತರ ಸಿಗದಿದ್ದರೆ ಮಧ್ಯಾಹ್ನದ ಬಸ್ಸಿಗೆ ಮಠ ಬಿಟ್ಟು ಹೊರಡುವುದೆಂದು ತೀರ್ಮಾನಿಸಿದ್ದ. ಮಠದ ಗುರುಗಳಾದ ಅಜ್ಜ ಗಂಟನ್ನು ನೋಡಿದರು. ನೋಡಿಯೂ ನೋಡದವರ ಹಾಗೆ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ರಿಪೇರಿಯವನಿದ್ದ. ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಗಳನ್ನು ಬಿಚ್ಚಿ, ಅವುಗಳ ಚಿತ್ರ ಹೊಸ ಟಿವಿಯಲ್ಲಿ ತಿಳಿಯಾಗಿ ಮೂಡುವಂತೆ ಮಾಡುವುದು ಅವನ ಕಸುಬು. ನಗಬೇಡ ಅಡವೆಪ್ಪ, ಅದೂ ಒಂದು ಕಸುಬೇ. ಆರು ವರ್ಷ ನೀನು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.

ಆ ಪೆಟ್ಟಿಗೆಗಳು ಮೂವತ್ತು ವರ್ಷ ಹಿಂದಿನವು. ಅವು ಕೆಂಪು, ಹಸಿರು, ನೀಲಿ ಎಲ್ಲವನ್ನೂ ಕಲಸಿ ಒಂದೇ ಹಳದಿ ತಂತಿಯಲ್ಲಿ ಟಿವಿಗೆ ಕಳಿಸುತ್ತಿದ್ದವು. ಸಾರು, ಪಲ್ಯ, ಮಜ್ಜಿಗೆ ಮೂರನ್ನೂ ಒಂದೇ ಬಟ್ಟಲಿಗೆ ಸುರಿದ ಹಾಗೆ. ಅದರಿಂದ ಒಂದು ಬಣ್ಣ ಪಕ್ಕದ ಬಣ್ಣದೊಳಗೆ ಹರಡಿ ಚಿತ್ರ ಮಸುಕಾಗುತ್ತಿತ್ತು. ರಿಪೇರಿಯವನು ಪೆಟ್ಟಿಗೆಯ ಹೊಟ್ಟೆಗೇ ಕೈ ಹಾಕುತ್ತಿದ್ದ. ಬಣ್ಣಗಳು ಕಲಸಿಹೋಗುವ ಮೊದಲೇ ಒಂದೊಂದನ್ನೂ ಬೇರೆ ಬೇರೆ ತಂತಿಯಲ್ಲಿ ಹೊರಗೆ ತರುತ್ತಿದ್ದ. ಅವನ ಕೈ ದಾಟಿ ಬಂದ ಪೆಟ್ಟಿಗೆಯಲ್ಲಿ ಹುಲ್ಲಿನ ಎಸಳು ಎಸಳೂ ಬೇರೆಯಾಗಿ ಕಾಣುತ್ತಿತ್ತು. ಅದು ಅವನಿಗೆ ಹೆಮ್ಮೆ. ಹೆಮ್ಮೆ ಪಡುವುದು ತಪ್ಪೇನೂ ಅಲ್ಲ, ಕೆಲಸ ಅಷ್ಟು ಚೆನ್ನಾಗಿತ್ತು.

ಒಂದು ದಿನ ಒಬ್ಬ ಹೊಲಿಗೆಯ ಹೆಂಗಸು ಅಂಥ ಪೆಟ್ಟಿಗೆಯೊಂದನ್ನು ತಂದಳು. ಅವಳ ಅಣ್ಣ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ. ಗಾಯ ಮಾಯಿತು, ನೆನಪು ಮರಳಲಿಲ್ಲ. ತಂಗಿಯನ್ನು ಅವನು "ಅಕ್ಕಾರ" ಎಂದು ಕರೆಯುತ್ತಿದ್ದ, ಬಸ್ಸಿನಲ್ಲಿ ಪಕ್ಕ ಕೂತ ಯಾರನ್ನೋ ಕರೆದ ಹಾಗೆ, ಮರ್ಯಾದೆಯಿಂದ. ಆ ಮರ್ಯಾದೆಯೇ ಅವಳಿಗೆ ತಡೆಯಲಾರದ ಸಂಕಟ. ಚಿಕ್ಕವರಿದ್ದಾಗ ಇಬ್ಬರೂ ರಜೆಯುದ್ದಕ್ಕೂ ಆಡುತ್ತಿದ್ದ ಪೆಟ್ಟಿಗೆ ಅದು. ಅದನ್ನು ಮತ್ತೆ ಆಡಿಸಿದರೆ ತನ್ನ ಗುರುತು ಸಿಕ್ಕೀತು ಎಂದು ಅವಳ ಆಸೆ. ಆದರೆ ಹೊಸ ಟಿವಿಗೆ ಹಚ್ಚಿ ನೋಡಿದರೆ ಚಿತ್ರ ಕೆಸರಾಗಿತ್ತು. ಇಷ್ಟು ಮಸುಕಾದರೆ ಅಣ್ಣನಿಗೆ ಏನು ನೆನಪಾದೀತು ಎಂದು, ಅವನಿಗೆ ತೋರಿಸುವ ಮೊದಲೇ ರಿಪೇರಿಗೆ ತಂದಿದ್ದಳು.

ರಿಪೇರಿಯವನು ಅವಳ ಕತೆ ಪೂರ್ತಿ ಕೇಳಿ ಪೆಟ್ಟಿಗೆ ತೆಗೆದುಕೊಂಡ. ಅದುವರೆಗೆ ಯಾವ ಪೆಟ್ಟಿಗೆಗೂ ಮಾಡದಷ್ಟು ನಾಜೂಕಾಗಿ ಕೆಲಸ ಮಾಡಿದ. ಅವಳ ಮನೆಗೆ ತಾನೇ ಹೋಗಿ ಜೋಡಿಸಿಕೊಟ್ಟ. ಚಿತ್ರ ಕನ್ನಡಿಯ ಹಾಗೆ ಬಂತು. ಹೆಂಗಸು ಕೈ ಮುಗಿದಳು.

ಮೂರನೆಯ ದಿನ ಅವಳು ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದಳು.

"ಅಣ್ಣಾರ, ನೀರೆಲ್ಲಿ ಹೋತ್ರಿ?"

"ಯಾವ ನೀರ್ರೀ ತಾಯಿ?"

"ಆಟದಾಗ ಒಂದು ಫಾಲ್ಸ್ ಬರತೈತ್ರಿ. ನಮ್ಮಣ್ಣ ತನ್ನ ಗೊಂಬಿನ ಆ ನೀರಿನ ಹಿಂದ ಅಡಗಿಸತಿದ್ದ. ನಾ ನನ್ನ ಗೊಂಬಿ ತಗೊಂಡು ಹುಡುಕಬೇಕು. ನಿನ್ನಿ ಅಲ್ಲೀತನಕ ಅಂವ ಸೀದಾ ಬಂದ್ನ್ರಿ, ಅವನ ಕೈಗೆ ಎಲ್ಲಾ ನೆನಪೈತಿ. ಅಲ್ಲಿ ಬಂದು ನೋಡಿದ್ರ ನೀರಿಲ್ಲ. ಬರೇ ಗೆರಿ, ಜೈಲಿನ ಕಿಟಕಿ ಇದ್ದಂಗ. ಎಲ್ಲಿ ಅಡಗ್ಯಾನು ಹೇಳ್ರಿ? ಆಟ ಬಿಟ್ಟು ಎದ್ದ ಹೋದ. ಹೆಂಗಿತ್ತೋ ಹಂಗ ಬಿಡಬೇಕಿತ್ತು. ಇರಲಾರದ ಇರುವಿ ಬಿಟ್ಟುಕೊಂಡೆ ನೋಡ್ರಿ."

ರಿಪೇರಿಯವನು ಅಂಗಡಿಯ ಟಿವಿಗೆ ಹಚ್ಚಿ ನೋಡಿದ. ಅವಳು ಹೇಳಿದ್ದು ಸರಿಯಾಗಿತ್ತು. ನೀರು ಬೀಳಬೇಕಾದ ಕಡೆ ಮೇಲಿನಿಂದ ಕೆಳಗೆ ಉದ್ದುದ್ದ ಗೆರೆಗಳಿದ್ದವು. ಒಂದು ಗೆರೆ ನೀಲಿ, ಮುಂದಿನ ಗೆರೆ ಖಾಲಿ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆನಲ್ಲ ಎಂದುಕೊಂಡ. ಬೆಸುಗೆ ಬಿಚ್ಚಿ ಮತ್ತೆ ಹಾಕಿದ. ತಂತಿ ಬದಲಿಸಿದ. ಟಿವಿ ಬದಲಿಸಿದ. ಎಂಟು ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅದೇ ಜಾಗವನ್ನು ನೋಡಿದ. ಗೆರೆಗಳನ್ನು ಎಣಿಸಿಯೂ ಬಿಟ್ಟ. ಮೂವತ್ತೆರಡು ನೀಲಿ, ಮೂವತ್ತೆರಡು ಖಾಲಿ. ತಪ್ಪು ಮಾತ್ರ ಸಿಗಲಿಲ್ಲ.

ಕೊನೆಗೆ ತನಗೆ ಕಸುಬು ಕಲಿಸಿದ ಉಸ್ತಾದರ ಹತ್ತಿರ ಹೋದ. ಅವರು ಹಳೆಯ ಕಾಲದ ಟಿವಿ ರಿಪೇರಿಯವರು. ಒಂದು ಸಲ ನೋಡಿ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದರು.

"ನಿನ್ನ ಕೆಲಸದಾಗ ತಪ್ಪಿಲ್ಲೋ. ಆಟದ ಚಿತ್ರ ಬರೆದಾವನ ಹಂಗ ಬರೆದಾನ. ಒಂದು ಗೆರಿ ಬಣ್ಣ, ಒಂದು ಗೆರಿ ಖಾಲಿ. ಹಳದಿ ತಂತಿ ಎರಡನೂ ಕಲಸಿ ನೀರು ಮಾಡತಿತ್ತು. ನೀ ಕಲಸೂದು ಬಿಡಿಸಿದಿ, ನೀರು ಹೋತು."

"ಹಂಗಾದ್ರ ನಾ ತೋರಿಸಿದ್ದು ಖರೇ ಅಲ್ಲೇನ್ರಿ?"

"ಖರೇನ ಐತಿ. ನಾ ಎಲ್ಲಿ ಸುಳ್ಳಂದೆ?" ಎಂದರು ಉಸ್ತಾದರು. ಚಹಾ ಕುಡಿದು ಹೋಗು ಎಂದರು.

ರಿಪೇರಿಯವನಿಗೆ ಚಹಾ ರುಚಿಸಲಿಲ್ಲ. ಯಾವ ದೇಶದಲ್ಲೋ ಕೂತು ಚಿತ್ರ ಬರೆದವನನ್ನು ದಾರಿಯುದ್ದಕ್ಕೂ ಬೈದ. ಅರ್ಧ ಬಣ್ಣ ಉಳಿಸಿದ ಮೈಗಳ್ಳ ಎಂದ. ಬೈದು ಮುಗಿದ ಮೇಲೂ ಗೊಂದಲ ಮುಗಿಯಲಿಲ್ಲ. ನಿಜವಾದ ಚಿತ್ರದಲ್ಲಿ ನೀರಿಲ್ಲ. ನೀರಿರುವ ಚಿತ್ರ ನಿಜವಲ್ಲ. ಇದರಲ್ಲಿ ಯಾವುದನ್ನು ಆ ಹೆಂಗಸಿನ ಕೈಗೆ ಕೊಡುವುದು? ನೀರು ಎಂದೂ ಇರಲೇ ಇಲ್ಲ ತಾಯಿ ಎಂದು ತಿಳಿಸಿ ಹೇಳುವುದೇ ಸರಿ ಎನಿಸಿತು. ಅದನ್ನೇ ಹೇಳಲು ಅವಳ ಮನೆಗೆ ಹೋದ. ಬಾಗಿಲಲ್ಲಿ ನಿಂತಿದ್ದ ಅಣ್ಣ ಒಳಗೆ ತಿರುಗಿ, "ಅಕ್ಕಾರ, ನಿಮ್ಮನ್ನ ಕೇಳಕೊಂಡು ಯಾರೋ ಬಂದಾರ್ರಿ" ಎಂದು ಕೂಗಿದ. ಅದನ್ನು ಕೇಳಿದ ರಿಪೇರಿಯವನು ನಾಳೆ ಬರುತ್ತೇನೆಂದಷ್ಟೇ ಹೇಳಿ ಹಿಂದಿರುಗಿದ.

ಅಂಗಡಿಗೆ ಬಂದು ತಾನು ಹಾಕಿದ ತಂತಿಗಳನ್ನು ಒಂದೊಂದಾಗಿ ಕಿತ್ತ. ತನ್ನ ಕೈಯಿಂದಾದ ಎಲ್ಲಕ್ಕಿಂತ ಒಳ್ಳೆಯ ಕೆಲಸವನ್ನು ತನ್ನ ಕೈಯಿಂದಲೇ ಕೆಡಿಸಿದ. ನೋವಾಯಿತು. ಆದರೂ ಹಳದಿ ತಂತಿಯನ್ನು ಮೊದಲಿನ ಜಾಗದಲ್ಲೇ ಕೂರಿಸಿದ.

ಮರುದಿನ ಪೆಟ್ಟಿಗೆಯನ್ನು ಹೆಂಗಸಿನ ಮನೆಯಲ್ಲಿ ಟಿವಿಗೆ ಹಚ್ಚಿದ. ಚಿತ್ರ ಮೊದಲಿನಂತೆ ಕೆಸರಾಗಿಯೇ ಬಂತು. ಅಣ್ಣ ಬಂದು ಕೂತ. ತಂಗಿಯೂ ಪಕ್ಕದಲ್ಲಿ ಕೂತಳು. ಆಟದೊಳಗೆ ಅಣ್ಣ ಗುಡ್ಡ ಹತ್ತಿದ, ಸೇತುವೆ ದಾಟಿದ, ಫಾಲ್ಸ್ ಇರುವ ಕಡೆ ಬಂದ. ಗೊಂಬೆಯನ್ನು ಅದರ ಹಿಂದೆ ನಿಲ್ಲಿಸಿ ಕೈ ತೆಗೆದ. ಆಮೇಲೆ ಟಿವಿಯಿಂದ ಕಣ್ಣು ಕೀಳದೆಯೇ ಹೇಳಿದ: "ಹುಡಕ ನೋಡೂಣು, ಗುಬ್ಬೀ."

ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವನು ಜಗತ್ತಿನಲ್ಲಿ ಅವನೊಬ್ಬನೇ. ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅಷ್ಟು ಸಂತೋಷವನ್ನು ರಿಪೇರಿಯವನು ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ.

ಅವನೂ ಟಿವಿಯ ಕಡೆ ನೋಡಿದ. ಅವನಿಗೆ ನೀರು ಕಾಣಲಿಲ್ಲ. ಎಂಟು ದಿನ ಗೆರೆ ಎಣಿಸಿದ ಕಣ್ಣು ಆ ಮಸುಕಿನಲ್ಲೂ ಗೆರೆಗಳನ್ನೇ ಆರಿಸಿಕೊಂಡಿತು. ಹಿಂದೆ ಸರಿದು ನೋಡಿದ, ಹತ್ತಿರ ಬಂದು ನೋಡಿದ. ಒಂದು ನೀಲಿ, ಒಂದು ಖಾಲಿ. ಅಣ್ಣ ತಂಗಿ ನೀರಿನ ಹಿಂದೆ ಅಡಗಿ ಆಡುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯದೆ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದ.

ಅಜ್ಜ ಕತೆ ನಿಲ್ಲಿಸಿದರು. ಅಡವೆಪ್ಪ ಮತ್ತೆ ಕೇಳಿದ.

"ಆ ರಿಪೇರಿಯವನು ನಾನೇ ಎಂದು ತಿಳಿಯಿತು ಅಜ್ಜಾರೇ. ಆದರೂ ಅಲ್ಲಿ ನೀರು ಇರಲಿಲ್ಲವಲ್ಲ? ಅದು ಬರೀ ಮಸುಕಿನಿಂದ ಹುಟ್ಟಿದ್ದು. ಮಸುಕಿನಲ್ಲಿ ಕಂಡದ್ದನ್ನು ನಾನು ಹೇಗೆ ನಂಬಲಿ?"

ಅಜ್ಜ ಹೇಳಿದರು: "ಗೆರೆಗೆರೆಯ ನಡುವೆ ಜಾಗ ಬಿಟ್ಟು ಬರೆದವನಿಗೆ, ನಿನ್ನ ಕಣ್ಣೂ ಆ ಹಳದಿ ತಂತಿಯಷ್ಟೇ ಮಸುಕೆಂಬುದು ಗೊತ್ತಿರಲಿಲ್ಲ ಅಂದುಕೊಂಡೆಯಾ?"