ನಾಗರಸನ ರುಮಾಲು, ಚಂಪಕಳ ಹಾರ

ಏಳು ಬೆಟ್ಟದಾಚೆ ಒಂದೂರು, ಆ ಊರಿಗೊಬ್ಬ ರಾಜ. ಅವನಿಗೆ ಏಳು ಹೆಂಡಿರಿದ್ದರಂತೆ, ಮಕ್ಕಳು ಮಾತ್ರ ಇಲ್ಲ. ಎಂಟು ಹೆಂಡಿರು ಅನ್ನುವವರೂ ಉಂಟು. ಹೊರೆ ಹೆಚ್ಚಾಯಿತೆಂದು ನಾನೇ ಒಬ್ಬಳನ್ನು ಇಳಿಸಿದೆ.

ರಾಜನಿಗೆ ಛತ್ರಿ ಹಿಡಿಯುತ್ತಿದ್ದವನು ನಾಗರಸ. ಛತ್ರಿ ಹಿಡಿದವನು ಭಂಡಾರ ಹಿಡಿದ, ಭಂಡಾರ ಹಿಡಿದವನು ದಂಡು ಹಿಡಿದ, ದಂಡು ಹಿಡಿದವನು ಮಂತ್ರಿಯಾದನಂತೆ. ಮೆಟ್ಟಿಲಿಗೊಬ್ಬನಂತೆ ಮೂವರು ಅವನಿಗೆ ಹೆಗಲು ಕೊಟ್ಟಿದ್ದರು. ಆ ಮೂವರೂ ಎಲ್ಲಿ ಹೋದರೋ, ಅವರವರ ಮನೆಯ ನಾಯಿಗೂ ಗೊತ್ತಿಲ್ಲ.

ರಾಜ ಸತ್ತ. ಆ ಊರಿನ ಕಟ್ಟಳೆ ಹೀಗೆ: ಸೂತಕದ ಇಪ್ಪತ್ತೊಂದು ದಿನ ಕಳೆದ ಮೇಲೆ ಪಟ್ಟದಾನೆಯ ಸೊಂಡಿಲಿಗೆ ಹಾರ ಕೊಟ್ಟು ಬಿಡಬೇಕು. ಅದು ಯಾರ ಕೊರಳಿಗೆ ಹಾಕುತ್ತದೋ ಅವನೇ ರಾಜ, ಆ ಗಳಿಗೆಯಿಂದ ಅವನ ಮಾತೇ ಮಾತು.

ನಾಗರಸ ಮಾವುತ ಬೊಳ್ಳನ ಗುಡಿಸಲಿಗೇ ಬಂದ.

"ಹಾರ ನನಗೇ ಬೀಳಬೇಕು ಕಣೋ. ಆನೆಗೆ ಕಲಿಸು."

"ಬುದ್ಧೀ, ಅದು ದೇವರ ಕೆಲಸ..."

"ನಿನ್ನ ಹೆಂಡತಿ ಚೆನ್ನಾಗಿದ್ದಾಳಾ?"

ಅಷ್ಟೇ ಕೇಳಿದ್ದು. ಬೊಳ್ಳ ಲೆಕ್ಕ ಹಾಕಿದ. ಕಲಿಸಿದರೆ ಆ ಮೂವರ ಹಿಂದೆ ಕಾಣೆಯಾಗುವ ನಾಲ್ಕನೆಯವನು ತಾನು, ಕಲಿಸದಿದ್ದರೆ ಇವತ್ತೇ.

"ಹಾಗಾದರೆ ದಿನಾ ಬಂದು ನಮ್ಮ ಆನೆ ಚಂಪಕಳ ಮುಂದೆ ನಿಲ್ಲಬೇಕು, ಬುದ್ಧೀ."

ದಂಡು ನಡೆಸಿದ ಗಂಡಿಗೆ ಆನೆಯೆಂದರೆ ಜೀವ ಬಾಯಿಗೆ ಬರುತ್ತಿತ್ತಂತೆ. "ಥೂ! ನನ್ನ ರುಮಾಲು ಕಳಿಸ್ತೀನಿ, ನೀನೇ ಸುತ್ತಿಕೊಂಡು ನಿಲ್ಲು. ಆ ಪ್ರಾಣಿಗೇನು ಗೊತ್ತಾಗುತ್ತೆ?"

ಗೊತ್ತಾಗುತ್ತದೆ ಎನ್ನಲು ಬೊಳ್ಳ ಬಾಯಿ ತೆರೆದ. ಹೆಂಡತಿ ನೆನಪಾದಳು, ಮುಚ್ಚಿಕೊಂಡ.

ದಿನಾ ರುಮಾಲು ಸುತ್ತಿ ನಿಂತ, ದಿನಾ ಚಂಪಕ ಹಾರ ಹಾಕಿದಳು, ದಿನಾ ಬೆಲ್ಲ ತಿಂದಳು. ಬೊಳ್ಳನಿಗೆ ಮಾತ್ರ ಗಂಜಿಯೂ ಇಳಿಯಲಿಲ್ಲ.

ಇಪ್ಪತ್ತೆರಡನೆಯ ದಿನ ಊರೆಲ್ಲ ನೆರೆಯಿತು. ರುಮಾಲು ಸುತ್ತಿ ನಾಗರಸ ಎದುರಿಗೇ ನಿಂತ. ಚಂಪಕ ಬಂದಳು, ರುಮಾಲು ಮೂಸಿದಳು, ಮುಖ ಮೂಸಿದಳು. ಯಾವನೋ ಇವನು! ಗಿರ್ರನೆ ತಿರುಗಿ, ಹಿಂದೆ ಬರುತ್ತಿದ್ದ ಬೊಳ್ಳನ ಕೊರಳಿಗೆ ಹಾರ ಹಾಕಿಬಿಟ್ಟಳು.

"ಹಿಡೀರಿ ಅವನನ್ನ!" ನಾಗರಸ ಕಿರುಚಿದ. ಭಟರು ಅಲುಗಲಿಲ್ಲ, ಅಪ್ಪಣೆಗಾಗಿ ಬೊಳ್ಳನ ಮುಖ ನೋಡಿದರು.

ನಾಗರಸ ಕಾಲಿಗೆ ಬಿದ್ದ. ಬಿದ್ದವನೇ ಪಿಸುಗುಟ್ಟಿದ: "ಕಲಿಸಿದ್ದು ನಮ್ಮಿಬ್ಬರಿಗೇ ಗೊತ್ತು. ಬಾಯಿ ಬಿಡಬೇಡ, ಸುಖವಾಗಿ ಆಳು."

ಇಬ್ಬರಿಗೇ. ಇವನೊಬ್ಬ ಇಲ್ಲದಿದ್ದರೆ? ಬೊಳ್ಳನ ಕೈ ತಾನಾಗಿಯೇ ಭಟನ ಕತ್ತಿಯ ಕಡೆ ತೋರಲು ಎದ್ದಿತ್ತು. ಆ ಕೈಯನ್ನು ಕಂಡು, ಇಷ್ಟು ದಿನ ನಾಗರಸನಿಗೆ ಹೆದರಿದ್ದಕ್ಕಿಂತ ಹೆಚ್ಚು ಹೆದರಿದನಂತೆ.

"ಇದು ದೇವರ ಹಾರವಲ್ಲ ಕಣ್ರಪ್ಪಾ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ. "ನಾನೇ ಕಲಿಸಿದ್ದು, ಈತ ಹೆದರಿಸಿದ್ದಕ್ಕೆ ಕಲಿಸಿದ್ದು!"

ಇನ್ನು ಮುಚ್ಚಿಡಬೇಕಾದ ಬಾಯಿ ಒಂದೂ ಉಳಿಯಲಿಲ್ಲ. ಕಾಣೆಯಾದ ಮೂವರ ಮನೆಯವರೇ ನಾಗರಸನನ್ನು ಊರಬಾಗಿಲ ಆಚೆಗೆ ಅಟ್ಟಿದರು. ಹನ್ನೆರಡು ಕೇರಿಯವರು ಕೂತು, ಕೂಗಾಡಿ, ಬೈದಾಡಿ, ಸತ್ತ ರಾಜನ ಕಿರಿಯ ಹೆಂಡತಿಯನ್ನೇ ಪಟ್ಟಕ್ಕೆ ಕೂರಿಸಿದರಂತೆ.

ಬೊಳ್ಳ ಮನೆಗೆ ಹೋಗಿ ಹೆಂಡತಿ ಕೈಯಲ್ಲಿ ಮೂರು ಮುದ್ದೆ ಇಕ್ಕಿಸಿಕೊಂಡು ಉಂಡ. ಅವರ ಪಟ್ಟ ಅವರಿಗಿರಲಿ, ನಮ್ಮ ಚಾಪೆ ನಮಗಿರಲಿ, ಕತೆ ಕೇಳಿದವರ ಬಾಗಿಲಿಗೆ ನಾಗರಸ ಬಾರದಿರಲಿ.