ಗೇಟಿನ ಕರಿಹಲಗೆ

ಗುಡ್ಡದ ಬುಡದ ಗೇಟಿನಲ್ಲೊಬ್ಬ ಫಾರೆಸ್ಟ್ ಗಾರ್ಡ್ ಇದ್ದ. ಮೇಲಿನ ಗುಡಿಗೆ ಎಲ್ಲರೂ ನಡೆದೇ ಹೋಗಬೇಕು, ನಡೆಯಲಾರದ ರೋಗಿಗಳಿಗೆ ಮಾತ್ರ ಗಾಡಿ ಎಂಬುದು ಅಲ್ಲಿನ ಕಾನೂನು. ಆದರೂ ಹಿಂದಿನ ವಾರ ಯಾರೋ ನುಗ್ಗಿಸಿದ ಜೀಪಿಗೆ ತಿರುವಿನಲ್ಲಿ ಜಿಂಕೆಮರಿಯೊಂದು ಸಿಕ್ಕಿ ಸತ್ತಿತ್ತು. ಗಾರ್ಡೇ ಅದನ್ನು ಮಣ್ಣು ಮಾಡಿದ್ದ.

ಭಾನುವಾರ ದೊಡ್ಡ ಕಾರೊಂದು ಬಂದು ಹಾರನ್ ಹೊಡೆಯಿತು. ಒಳಗಿದ್ದವರು ಪುಟ್ಟಮಾದಪ್ಪನವರು, ಆ ಸಲ ಚುನಾವಣೆಗೆ ನಿಂತವರು.

"ಗೇಟ್ ತೆಗೆಯಯ್ಯ! ನಾನ್ಯಾರು ಗೊತ್ತಾ? ನಾಳೆಯೇ ನಿನ್ನ ಎತ್ತಂಗಡಿ ಮಾಡಿಸ್ತೀನಿ."

ಗಾರ್ಡ್ ಸೀಮೆಸುಣ್ಣ ತೆಗೆದುಕೊಂಡು ಗೇಟಿನ ಕರಿಹಲಗೆಯ ಮುಂದೆ ನಿಂತ. ಗಾಡಿಯಲ್ಲಿ ಹೋಗುವವರ ಹೆಸರು, ಕಾಯಿಲೆ ಎರಡನ್ನೂ ಅದರ ಮೇಲೆ ಬರೆಯುವುದು ರೂಢಿ. ಹೆಸರನ್ನು ದಪ್ಪಕ್ಷರದಲ್ಲಿ ಬರೆದ.

"ತಾವ್ಯಾರು ಅಂತ ಗೊತ್ತು ಬುದ್ಧಿ. ಕಾಯಿಲೆ ಯಾವುದು ಅಂತ ಹೇಳಿಬಿಡಿ."

ನಡೆದು ಹೊರಟಿದ್ದ ಜನರೆಲ್ಲ ನಿಂತು ಹಲಗೆ ಓದತೊಡಗಿದರು. ಎಲ್ಲರೂ ವೋಟು ಹಾಕುವವರೇ. ಪುಟ್ಟಮಾದಪ್ಪನವರು ತೆಪ್ಪಗೆ ಕಾರಿಳಿದರು. "ಮೊದಲು ಅದನ್ನ ಒರೆಸು," ಎಂದು ಹಲ್ಲು ಕಚ್ಚಿ, ಗುಡ್ಡ ಹತ್ತಿದರು.

ಸಂಜೆ ಕುಂಟುತ್ತ ಇಳಿದು ಬಂದ ಪುಟ್ಟಮಾದಪ್ಪನವರಿಗೆ ಗಾರ್ಡ್ ನೀರು ಕೊಟ್ಟ. ಅವರು ಎತ್ತಂಗಡಿಯ ಮಾತೆತ್ತಲಿಲ್ಲ.

"ತಿರುವಿನಲ್ಲಿ ಜಿಂಕೆಯೊಂದು ಒಂಟಿಯಾಗಿ ನಿಂತಿತ್ತು ಕಣಯ್ಯ. ನಮ್ಮನ್ನ ನೋಡಿದರೂ ಕದಲಲಿಲ್ಲ."

"ಒಂದು ವಾರದಿಂದ ಅಲ್ಲೇ ಮರಿ ಹುಡುಕ್ತಾ ಇದೆ ಬುದ್ಧಿ," ಅಂದ ಗಾರ್ಡ್. "ಕಾರಲ್ಲಿ ಹೋಗಿದ್ದರೆ ತಮಗೂ ಕಾಣ್ತಿರಲಿಲ್ಲ."