ಏಕನಾಥ ಹನ್ನೆರಡು ದೇಶದ ವೈನ್ ತಂದದ್ದು

ಹೂಂ ಅನ್ನೋರು ಇದ್ರ ಹೇಳ್ತೀನಿ. ನಡುವ ಎದ್ದು ಹೋಗೋರು ಈಗ ಹೋಗಿಬಿಡ್ರಿ, ಆಮ್ಯಾಲೆ ಎದ್ರ ನನಗ ಸಿಟ್ಟು ಬರ್ತೈತಿ.

ಬೆಟಗೇರ್ಯಾಗ ರುಕ್ಮಾಬಾಯಿ ಅಂತ ಒಬ್ಬಾಕಿ. ಸಾವಜಿ ಖಾನಾವಳಿ ಆಕೀದು. ಆಕಿ ಮಟನ್ ಸಾರು ಉಂಡವರ ಕಣ್ಣಾಗ ನೀರು, ಮೂಗಿನಾಗ ನೀರು, ಆದ್ರೂ ಇನ್ನೊಂದು ಸೌಟು ಹಾಕವ್ವಾ ಅನ್ನೋರು. ಗಂಡ ಸತ್ತು ಆರು ವರ್ಷ ಆಗಿತ್ತು. ಇದ್ದೊಬ್ಬ ಮಗ ಏಕನಾಥ. ವಯಸ್ಸು ಮೂವತ್ತು, ಮೈಯಾಗ ಎರಡಾಳಿನ ಶಕ್ತಿ, ತಲಿ ಮಾತ್ರ ಖಾಲಿ ಕೊಡಾ. ಹೇಳಿದ್ದು ಹೇಳಿದಂಗ ಮಾಡ್ತಿದ್ದ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮಿಲ್ಲ. ಅದ ಆಕಿ ಹಣೆಬರ.

ಲಕ್ಕುಂಡಿ ಗುಡಿ ನೋಡಾಕ ಬರೋ ಪರದೇಶದ ಮಂದಿ ಖಾನಾವಳಿಗೂ ಬರಾಕ ಹತ್ತಿದ್ರು. ಖಾರ ತಿಂದು, ನಾಲಿಗಿ ಹೊರಗ ಹಾಕಿ, ವೈನ್ ಐತೇನು ಅಂತ ಕೇಳೋರು. ಆಕಿ ಮೈದುನ ತುಕಾರಾಮಸಾ ಓಡಾಡಿ ಲೈಸನ್ಸ್ ಮಾಡಿಸಿದ, ಮ್ಯಾಲೊಂದು ಮಾಳಿಗಿ ಕಟ್ಟಿಸಿದ. ಆಮ್ಯಾಲೆ ಬಾಯಿ ಬಿಟ್ಟ.

"ಅತ್ತಿಗಿ, ಅಣ್ಣನ ಗಾದಿ ಎಷ್ಟು ದಿನ ಖಾಲಿ ಇಡೂದು? ವಿಜಯದಶಮಿಗೆ ಯಾರರ ಕುಂದ್ರಬೇಕು. ನಿನ್ನ ಮಗ ಹನ್ನೆರಡು ದೇಶದ ವೈನ್ ಆರಿಸಿ ತಂದಿಟ್ರ ಅವನ ಕುಂದ್ರಲಿ. ಇಲ್ಲಾಂದ್ರ ನನ್ನ ಮಗ ಕಿಸನ್ ಕುಂದ್ರತಾನ."

ಗಾದಿ ಅಂದ್ರ ಗಲ್ಲಾಪೆಟ್ಟಿಗಿ ಹಿಂದಿನ ಕುರ್ಚಿ. ಅದರ ಮ್ಯಾಲೆ ಕುಂತು ಆರತಿ ಮಾಡಿಸ್ಕೊಂಡಾವನ ಮಾಲಕ. ಒಮ್ಮೆ ಕುಂತಾವನ್ನ ಎಬ್ಬಿಸೋ ಪದ್ಧತಿ ಅವರ ಮನಿತನದಾಗ ಇಲ್ಲ. ರುಕ್ಮಾಬಾಯಿ ಹೊಟ್ಟಿಯಾಗ ಬೆಂಕಿ ಬಿತ್ತು. ಒಲಿ ಮುಂದ ಸುಟ್ಟುಕೊಂಡಾಕಿ ತಾನು, ಗಾದಿ ಅವನ ಮಗಗ?

"ಏಕ್ಯಾ, ಹುಬ್ಬಳ್ಳಿಗೆ ಹೋಗು. ಡಿಮೆಲ್ಲೊ ಸಾಹೇಬ್ರ ಅಂಗಡ್ಯಾಗ ಎಲ್ಲಾ ದೇಶದ್ದೂ ಸಿಗ್ತಾವ. ಒಂದೂ ಬಿಡದ ರುಚಿ ನೋಡು. ಚಲೋ ಇದ್ದದ್ದು ಆರಿಸ್ಕೊಂಡು ಬಾ."

"ಆತವ್ವಾ."

ಹೋದ. ಡಿಮೆಲ್ಲೊ ಸಾಹೇಬ್ರು ಸಾಲಾಗಿ ಗ್ಲಾಸ್ ಇಟ್ರು. ಇವ ಒಂದೂ ಬಿಡಲಿಲ್ಲ, ಒಂದ್ರಾಗೂ ಒಂದು ಹನಿ ಬಿಡಲಿಲ್ಲ. ಹಮಾಲರು ಹೊತ್ತು ತಂದು ರೈಲಿನಾಗ ಹಾಕಿದ್ರು. ಇಳೀಬೇಕಾದ ಗದಗ ದಾಟಿ ಕೊಪ್ಪಳದಾಗ ಎಚ್ಚರಾತು. ಮರುದಿನ ಬರಿಗೈಲೆ ಮನಿಗೆ ಬಂದ.

"ಯಾವುದು ಚಲೋ ಇತ್ತೋ?"

"ಎಲ್ಲಾ ಚಲೋ ಇದ್ದುವವ್ವಾ. ಹೆಸರು ಒಂದೂ ನೆನಪಿಲ್ಲ."

ರುಕ್ಮಾಬಾಯಿ ಸೌಟು ನೆಲಕ್ಕ ಬಡದಳು. "ನಿನ್ನ ಬದಲಿ ಒಂದು ಕಲ್ಲು ಹಡದಿದ್ರ ಅರಿವಿ ಒಗ್ಯಾಕರ ಬರ್ತಿತ್ತು. ಕೊಟ್ಟದ್ದನ್ನೆಲ್ಲಾ ನುಂಗತಾರೇನೋ? ಬಾಯಾಗ ಹಾಕ್ಕೋಬೇಕು, ಮುಕ್ಕಳಿಸಬೇಕು, ಉಗುಳಬೇಕು. ಬಲ್ಲವರು ಹಂಗ ಮಾಡ್ತಾರ."

"ಆತವ್ವಾ. ಮುಂದ ಹಂಗ ಮಾಡ್ತೀನಿ."

ಎರಡು ದಿನಕ್ಕ ಕಾಕಾ ತುಕಾರಾಮಸಾನ ಮನಿಯಾಗ ಊಟ. ಇಪ್ಪತ್ತು ಮಂದಿ ಬೀಗರು ಬಿಜ್ಜರು ಪಂಕ್ತಿಗೆ ಕುಂತಿದ್ರು. ಕಾಕಿ ಪ್ರೀತಿಲೆ ಖೀಮಾ ಉಂಡಿ ತಂದು, "ರುಚಿ ನೋಡಪಾ ಏಕನಾಥ" ಅಂದ್ಲು. ಇವ ಬಾಯಾಗ ಹಾಕ್ಕೊಂಡ. ಗಳಗಳ ಮುಕ್ಕಳಿಸಿದ. ಮುಂದಿದ್ದ ತಂಬಿಗ್ಯಾಗ ಉಗುಳಿದ. ಎರಡನೇ ಉಂಡಿಗೆ ಕೈ ಚಾಚಿದ. ಕಾಕಿ ಸೆರಗು ಬಾಯಿಗೆ ಹಚ್ಚಿ ಒಳಗ ಹೋದಳು. ತುಕಾರಾಮಸಾ ತೊಡಿ ಬಡಕೊಂಡು ನಕ್ಕ. "ನೋಡ್ರೆಪಾ, ಇವರ ನಮ್ಮ ಹೋಟೆಲಿನ ಮಾಲಕರು." ಇಪ್ಪತ್ತು ಮಂದೀನೂ ನಕ್ಕರು. ಆ ನಗಿ ರುಕ್ಮಾಬಾಯಿ ಕಿವಿಯಾಗ ಕುಂತುಬಿಡ್ತು.

ಮನಿಗೆ ಬಂದಾಕೀನ ಮತ್ತ ಸೌಟು ಬಡದಳು. "ಉಗುಳೂದು ವೈನ್ ಅಷ್ಟನೋ ಕೋಣ! ಬಿಡು, ರುಚಿ ನೋಡೋ ಕೆಲಸಾನ ನಿನಗ ಬ್ಯಾಡ. ಹೋಗಿ ಹಳೇದು ಕೇಳು. ಎಷ್ಟು ಹಳೇದೋ ಅಷ್ಟು ಚಲೋ. ಕೊಳ್ಳಾಕ ನಿಂತಾಗ ಅದೊಂದು ಮಾತು ನೆನಪಿಡು."

"ಆತವ್ವಾ. ಮುಂದ ಹಂಗ ಮಾಡ್ತೀನಿ."

ಮರುದಿನ ಮಟನ್ ತರೋ ಆಳಿಗೆ ಜ್ವರ. ಏಕನಾಥನ್ನ ಕಳಿಸಿದ್ಲು. ಇವ ಅಂಗಡಿ ಮುಂದ ನಿಂತು ಕೇಳಿದ, "ಹಳೇದೈತೇನ್ರಿ?"

"ಎಷ್ಟು ಹಳೇದು ಬೇಕೋ ತಮ್ಮಾ?"

"ಎಷ್ಟು ಹಳೇದೋ ಅಷ್ಟು ಚಲೋ."

ನಾಯಿಗೆ ಹಾಕಾಕ ತಗದಿಟ್ಟಿದ್ದು ಮೂಲ್ಯಾಗ ಒಂದು ಬುಟ್ಟಿ ಇತ್ತು. ಅಂಗಡಿಯಾವ ಅದನ್ನ ತೋರಿಸಿ ನಕ್ಕ. ಇವ ಕೈ ಮುಗದು ಹೊತ್ಕೊಂಡು ಬಂದ. ಓಣಿ ತುದಿಯಾಗ ಇರೋವಾಗನ ವಾಸನಿ ಬಂತು. ಒಳಗ ತರೂದ್ರಾಗ ಉಣ್ಣಾಕ ಕುಂತವರು ಮೂಗು ಮುಚ್ಚಿ ಎದ್ದುಹೋದ್ರು. ರುಕ್ಮಾಬಾಯಿ ಆ ಮನಿಗೆ ಬಂದ ಮ್ಯಾಲೆ ಹಾಡುಹಗಲಾಗ ಒಲಿ ಆರಿದ್ದು ಅದ ಮೊದಲು.

"ಸಾಯಿಸು ನನ್ನ, ಒಮ್ಮೆ ಸಾಯಿಸಿಬಿಡು. ತಾಜಾ ಕೇಳಬೇಕೋ! ಇವತ್ತ ಮುಂಜಾನಿದು ಕೊಡ್ರಿ ಅನ್ನಬೇಕು. ಹಳೇದು ಕೊಟ್ರ ಮಾರಿ ಮ್ಯಾಲೆ ಒಗದು ಬರಬೇಕು. ತಿಳೀತಿಲ್ಲೋ?"

"ತಿಳೀತವ್ವಾ. ಮುಂದ ಹಂಗ ಮಾಡ್ತೀನಿ."

ಮತ್ತ ಹುಬ್ಬಳ್ಳಿ. ಡಿಮೆಲ್ಲೊ ಸಾಹೇಬ್ರು ಪಾಪ, ಹೋದ ಸಲದ್ದು ಮರತು, ಇಟಲಿದು ಹದಿನೈದು ವರ್ಷದ ಬಾಟ್ಲಿ ತಗದ್ರು. ಧೂಳು ಒರಸಿ ಮುಂದ ಇಟ್ರು.

"ಬ್ಯಾಡ್ರಿ. ಹಳಸಿರ್ತೈತಿ."

ಫ್ರಾನ್ಸಿಂದು ತಗದ್ರು. "ಇದೂ ಹಳೇದ್ರಿ. ಅವ್ವ ಬೈತಾಳ. ಇವತ್ತ ಮುಂಜಾನಿದು ಕೊಡ್ರಿ."

"ಮುಂಜಾನಿದು?" ಅಂದ್ರು ಸಾಹೇಬ್ರು. ಅವರೂ ಮನಶ್ಯಾರ, ಸಿಟ್ಟು ಬಂತು. "ಮುಂಜಾನಿದು ಬೇಕಂದ್ರ ಹೊರಗ ಗಾಡಿ ಮ್ಯಾಲೆ ಐತಿ, ಹೋಗು."

ಗಾಡಿ ಮ್ಯಾಲೆ ಇದ್ದದ್ದು ದ್ರಾಕ್ಷಿ. ಒಂದು ಬುಟ್ಟಿ ತಂದು ಅವ್ವನ ಮುಂದ ಇಟ್ಟ. "ನಸುಕಿನ್ಯಾಗ ಕೊಯ್ದದ್ದವ್ವಾ. ನಾ ಎರಡೆರಡು ಸಲ ಕೇಳಿ ತಂದೀನಿ."

ಈ ಸಲ ರುಕ್ಮಾಬಾಯಿ ಸೌಟು ಬಡೀಲಿಲ್ಲ. ಬುಟ್ಟಿ ಒಯ್ದು ಎಮ್ಮಿ ಮುಂದ ಸುರುವಿದ್ಲು. ಅಲ್ಲೇ ಕಟ್ಟಿ ಮ್ಯಾಲೆ ಕುಂತು ಸಿಟ್ಟಿಗೆ ಅತ್ತಳು. ದಸರಾಕ್ಕ ಮೂರು ದಿನ ಉಳದಿತ್ತು.

ಕಣ್ಣು ಒರಸ್ಕೊಂಡು ಎದ್ದಾಕಿ ತಾನ ಫೋನ್ ಹಚ್ಚಿದ್ಲು. "ಸಾಹೇಬ್ರ, ನಮ್ಮ ಸಾರು ಉಂಡೀರಲ್ಲಾ, ಅದಕ್ಕ ಯಾವುದು ಹೊಂದ್ತೈತಿ ಹೇಳ್ರಿ."

"ಖಾರಕ್ಕ ಖಡಕ್ ಕೆಂಪು ಬ್ಯಾಡ್ರಿ ಅವ್ವಾರ, ಉರಿ ಹೆಚ್ಚಾಗ್ತೈತಿ. ಜರ್ಮನಿದು ಒಂದು ಬಿಳೇದೈತಿ, ಒಂಚೂರು ಸಿಹಿ."

ಆಕಿ ಕೇಳ್ಕೋತ ಹೋದ್ಲು. ಇದು ಹುಳಿಯೇನು, ಅದು ಒಗರೇನು, ಇನ್ನೊಂದು ಬಾಯಾಗ ಎಷ್ಟು ಹೊತ್ತು ನಿಲ್ತೈತಿ? ಮೂವತ್ತು ವರ್ಷ ಮಸಾಲಿ ರುಚಿ ನೋಡಿದ ನಾಲಿಗಿ ಅದು, ಕೇಳಿದ್ರನ ಅಂದಾಜಾಗ್ತಿತ್ತು. ಸಾರಿಗೆ ಜರ್ಮನಿದು, ಖೀಮಾಕ್ಕ ಇಟಲಿದು, ಒಣಾ ಮಟನಿಗೆ ಪೋರ್ಚುಗಲ್ಲಿಂದು, ಬೋಟಿಗೆ ಚಿಲಿ ದೇಶದ್ದು. ಹಿಂಗ ಹನ್ನೆರಡೂ ಆರಿಸಿದ್ಲು. ಆಮ್ಯಾಲೆ ಮಗನ ಕಿವಿ ಹಿಡದು ಹೇಳಿದ್ಲು.

"ಬರೇ ಹೊತ್ತು ತಾ. ಅಲ್ಲಾಡಿಸಬ್ಯಾಡ. ಮಾಳಿಗಿ ಹತ್ತೋ ಪಾವಟಿಗಿ ಕೆಳಗಿನ ಕೋಣ್ಯಾಗ ಕತ್ತಲೈತಿ, ತಣ್ಣಗೈತಿ. ಅಲ್ಲಿ ಹುಲ್ಲು ಹಾಸಿ ಅಡ್ಡ ಮಲಗಿಸು. ಹಸಿ ಗೋಣಿಚೀಲಾ ಹೊಚ್ಚು, ಚಿಲಕಾ ಹಾಕು. ಹೊರಗ ತಗದ ಮ್ಯಾಲೆ ಅರ್ಧಾ ತಾಸು ಗಾಳಿ ಆಡಾಕ ಬಿಡು, ಅಲ್ಲೀತನಕಾ ಯಾರನ್ನೂ ಮುಟ್ಟಗೊಡಬ್ಯಾಡ."

ಅಷ್ಟೂ ಮಾಡಿದ. ಒಂದೂ ತಪ್ಪಲಿಲ್ಲ. ಆಕಿಗೆ ನಂಬಿಕಿ ಬರಲಿಲ್ಲ, ಹತ್ತು ಸಲ ಹೋಗಿ ನೋಡಿ ಬಂದ್ಲು.

ವಿಜಯದಶಮಿ ಮುಂಜಾನೆ ಮಾಳಿಗ್ಯಾಗ ಹನ್ನೆರಡು ಬಾಟ್ಲಿ ಸಾಲಾಗಿ ನಿಂತಿದ್ದುವು. ತುಕಾರಾಮಸಾ ಕಿಸನ್‌ಗ ಹೊಸಾ ಕೋಟು ಹಾಕಿಸಿ, ಹೂವಿನ ಮಾಲಿ ಹಿಡಕೊಂಡು ಬಂದ. ಬಾಟ್ಲಿ ನೋಡಿದ. ಮೂಗು ಮುರದ.

"ಇವು ನೀ ಆರಿಸಿದ್ದು ಅತ್ತಿಗಿ. ಡಿಮೆಲ್ಲೊ ಎಲ್ಲಾ ಹೇಳ್ಯಾನ. ನಿನ್ನ ಮಗ ಆರಿಸಿದ್ದು ದ್ರಾಕ್ಷಿ, ಅದನ್ನ ಎಮ್ಮಿ ತಿಂದೈತಿ. ಹನ್ನೊಂದಕ್ಕ ಆರತಿ. ಕಿಸನ್ ಕುಂದ್ರತಾನ."

ರುಕ್ಮಾಬಾಯಿಗೆ ಅವನ ಮಾರಿಗೆ ಸಾರು ಸುರುವಬೇಕು ಅನಿಸ್ತು. ಮಾತು ಖರೇ ಇತ್ತು, ಅದಕ್ಕ ಸಿಟ್ಟು ಇನ್ನೂ ಹೆಚ್ಚಾತು. ಇನ್ನ ಗಾದಿ ಹೋದಂಗನ. ಉಳದ ಮಾನಾ ಆದ್ರೂ ಉಳೀಲಿ ಅಂತ ಮಗನ್ನ ಒಳಗ ಕರದು, ಹಲ್ಲು ಕಚ್ಚಿ ಹೇಳಿದ್ಲು, "ಇವತ್ತೊಂದು ದಿನ ಮಂದಿ ಮುಂದ ನಗಿಗೇಡು ಮಾಡಬ್ಯಾಡ. ಆ ಬಾಟ್ಲಿ ಹೆಂಗ ಜ್ವಾಕಿ ಮಾಡಿದ್ಯೋ, ಕಾಕಾನ್ನೂ ಹಂಗ ಜ್ವಾಕಿ ಮಾಡು."

"ಆತವ್ವಾ."

ಹನ್ನೊಂದಾತು. ಬಾಗಲದಾಗ ಬ್ಯಾಂಡಿನವರು ಬಾರಸಾಕ ಹತ್ತಿದ್ರು. ಭಟ್ರು ಆರತಿ ಹಚ್ಚಿದ್ರು. "ಹಿರೇರೆಲ್ಲಿ? ಹೊತ್ತು ಮೀರ್ತೈತಿ" ಅಂದ್ರು. ತುಕಾರಾಮಸಾ ಇಲ್ಲ. ಕಿಸನ್ ಗಾದಿ ಮುಂದ ನಿಂತು ಕೋಟಿನ ಗುಂಡಿ ತಿರುವಾಕ ಹತ್ತಿದ. "ಅಪ್ಪ ಹೇಳದ ನಾ ಕುಂದ್ರಂಗಿಲ್ರಿ" ಅಂದ.

ರುಕ್ಮಾಬಾಯಿ ಮಗನ್ನ ಹುಡುಕಿದ್ಲು. ಅವ ಪಾವಟಿಗಿ ಹತ್ರ ಕೈ ಕಟ್ಟಿ ನಿಂತಿದ್ದ.

"ಕಾಕಾ ಎಲ್ಲೋ?"

"ಮಲಗಿಸೀನವ್ವಾ. ಹುಲ್ಲು ಹಾಸೀನಿ, ಹಸಿ ಚೀಲಾ ಹೊಚ್ಚೀನಿ. ಎತ್ತಕೊಂಡು ಬರುವಾಗ ಒಂಚೂರೂ ಅಲ್ಲಾಡಿಸಿಲ್ಲ. ತಾನ ಒದ್ದಾಡಿದ."

ಕೋಣಿ ಒಳಗಿಂದ ಬಾಗಲಾ ದಬದಬ ಬಡಿಯೋ ಸಪ್ಪಳ. ಬ್ಯಾಂಡಿನ ಗದ್ದಲದಾಗ ಅದು ಆಕಿಗಷ್ಟ ಕೇಳಿಸ್ತು. ಆಕಿ ಕೈ ಚಿಲಕದ ಮ್ಯಾಲೆ ಹೋತು. ಬೈಯಾಕ ಬಾಯಿನೂ ತೆರದಿತ್ತು. ಅಷ್ಟರಾಗ ಆ ಇಪ್ಪತ್ತು ಮಂದಿ ನಗಿ ಕಿವಿಯಾಗ ಎದ್ದು ಕುಂತಿತು. ಇಷ್ಟು ದಿನ ಮಗನ ಮ್ಯಾಲೆ ಸುರದ ಸಿಟ್ಟೆಲ್ಲಾ ತಿರುಗಿ ಆ ಬಾಗಲದ ಮ್ಯಾಲೆ ಬಂದು ನಿಂತಿತು. ಕೈ ಹಿಂದ ತಗೊಂಡ್ಲು.

"ಹೊರಗ ತಗೀಲೇನವ್ವಾ?"

"ಬ್ಯಾಡ. ನೀ ಹೋಗಿ ಗಾದಿ ಮ್ಯಾಲೆ ಕುಂದ್ರು."

"ಕಾಕಾ?"

"ಇರ್ಲಿ. ಎಷ್ಟು ಹಳೇದೋ ಅಷ್ಟು ಚಲೋ."

ಏಕನಾಥ ಹೋಗಿ ಕುಂತ. ಆಕಿ ತನ್ನ ಕೈಲೆ ಆರತಿ ಮಾಡಿದ್ಲು, ಹಣಿಗೆ ಕುಂಕುಮಾ ಹಚ್ಚಿದ್ಲು. ಮುಗೀತು. ಆಮ್ಯಾಲೆ ಸಾವಕಾಶ ಹೇಳಿದ್ಲು, "ಈಗ ತಗಿ ಹೋಗು."

ಏಕನಾಥ ಹೋಗಿ ಕಾಕಾನ್ನ ಎರಡೂ ಕೈಲೆ ಎತ್ತಿ ತಂದು ಎಲ್ಲಾರ ನಡುವ ನಿಲ್ಲಿಸಿದ. ತಲಿತುಂಬ ಹುಲ್ಲು, ಹೆಗಲ ಮ್ಯಾಲೆ ಹಸಿ ಗೋಣಿ. ಮಾರಿ ಕೆಂಪಗಾಗಿತ್ತು. ಬೀಗರು ಓಡಿ ಹತ್ರ ಬಂದ್ರು. ಏಕನಾಥ ಎರಡೂ ಕೈ ಅಗಲಿಸಿ ಎಲ್ಲಾರನ್ನೂ ಹಿಂದ ಸರಿಸಿದ.

"ಯಾರೂ ಮುಟ್ಟಬ್ಯಾಡ್ರಿ. ಈಗ ತಗದೀನಿ. ಅರ್ಧಾ ತಾಸು ಗಾಳಿ ಆಡ್ಲಿ."